ಗಾದೆಮ್ಮ ಬೀಳು ಬಿಟ್ಟ ಹೊಲ

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಬಿಟ್ಟು ಸ್ವಲ್ಪ ದೂರ ನಡೆದರೆ ಸಾಕು, ಹೊಲಗಳಲ್ಲಿ ಮೆಕ್ಕೆಜೋಳದ ಬದಲು ಕಲ್ಲು ಎದ್ದು ನಿಂತಿರುವುದು ಕಾಣುತ್ತದೆ. ಸಾಲಾಗಿ ನೆಟ್ಟ ಕಲ್ಲು, ತಲೆಗೆ ಹಳದಿ ಬಣ್ಣ, ಮೈಮೇಲೆ ನಂಬರು. ರಸ್ತೆಯ ಬದಿಗೆ ಒಂದು ದೊಡ್ಡ ಕಮಾನು, ಕಮಾನಿನ ಮೇಲೆ ಯಾವುದೋ ದೇವರ ಹೆಸರು, ಹೆಸರಿನ ಮುಂದೆ ‘ನಗರ’. ನಗರದೊಳಗೆ ಇಣುಕಿ ನೋಡಿದರೆ ಒಂದು ಮನೆಯೂ ಇಲ್ಲ. ಬಳ್ಳಾರಿ ಜಾಲಿ ಮಾತ್ರ ಹುಲುಸಾಗಿ ಬೆಳೆದಿದೆ. ನಿಮ್ಮೂರ ಹತ್ತಿರವೂ ಇಂಥದ್ದೊಂದು ಇದ್ದೇ ಇರುತ್ತದೆ, ಇಲ್ಲ ಅಂದರೆ ನಾನು ನಂಬುವುದಿಲ್ಲ.

ಅಂಥದ್ದೊಂದು ಕಮಾನು ದಾಟಿದರೆ ಬನ್ನಿಕಟ್ಟೆ ಅನ್ನುವ ಊರು. ಆ ಊರಲ್ಲಿ ಗಾದೆಮ್ಮ ಇದ್ದಾಳೆ. ಗಾದೆಮ್ಮನಿಗೆ ಎರಡು ಎಕರೆ ಎರೆ ಹೊಲ, ಎಂಬತ್ತು ಕುರಿ, ಬಂಗಾರಪ್ಪ ಅನ್ನುವ ಗಂಡ, ಮತ್ತು ಹೊಟ್ಟೆಯ ತುಂಬ ಕಿಚ್ಚು. ಹೊಲಕ್ಕೂ ಕಿಚ್ಚಿಗೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ ಕೇಳಿ.

ಕಿಚ್ಚು ಯಾರ ಮೇಲೆ? ಇನ್ಯಾರ ಮೇಲೆ, ವಾರಗಿತ್ತಿಯ ಮೇಲೆ. ಮೈದುನ ದುರುಗೇಶನ ಹೆಂಡತಿ ರೇಣುಕಾ. ಇವರ ಮಾವ ಬದುಕಿದ್ದಾಗ ಒಂದು ಜಾಣ ಕೆಲಸ ಮಾಡಿದ್ದ. ಕುರಿ ಕಾಯುವ ಗಂಡಸರು ವರ್ಷದ ಅರ್ಧ ಕಾಲ ಊರಲ್ಲೇ ಇರುವುದಿಲ್ಲ, ಹೊಲ ನೋಡಿಕೊಳ್ಳುವವರು ಹೆಂಗಸರು, ಅವರ ಹೆಸರಿಗೇ ಇರಲಿ ಎಂದು ಸೊಸೆಯರಿಬ್ಬರಿಗೂ ಎರಡೆರಡು ಎಕರೆ ಬರೆಸಿ ಹೋಗಿದ್ದ. ರಸ್ತೆಯ ಬದಿಯದು ರೇಣುಕಾಗೆ, ಅದರ ಹಿಂದಿನದು ಗಾದೆಮ್ಮನಿಗೆ. ಗಾದೆಮ್ಮನ ಹೊಲದ ಹಿಂದೆ ಊರಿನ ಹನ್ನೊಂದು ಮನೆಯವರ ಹೊಲಗಳಿದ್ದವು.

ಮೂರು ವರ್ಷದ ಹಿಂದೆ ರೇಣುಕಾ ತನ್ನ ಹೊಲವನ್ನು ಲೇಔಟಿನವರಿಗೆ ಕೊಟ್ಟಳು. ನಾನು ಹೇಳಿದೆನಲ್ಲ ಆ ಕಮಾನು, ಅದು ಎದ್ದದ್ದು ಅವಳ ಹೊಲದಲ್ಲೇ. ಹೊಲ ಹೋಯಿತು, ಗಾದೆಮ್ಮನ ಮನೆಯ ಎದುರಿಗೇ ಎರಡಂತಸ್ತಿನ ಮನೆ ಬಂತು. ನೆಲಕ್ಕೆ ಟೈಲ್ಸು, ಪಡಸಾಲೆಯಲ್ಲಿ ಸ್ಟೀಲಿನ ಉಯ್ಯಾಲೆ, ಅಡುಗೆ ಮನೆಯಲ್ಲಿ ಕಪ್ಪು ಕಲ್ಲಿನ ಕಟ್ಟೆ. ಇಷ್ಟಿದ್ದರೆ ಗಾದೆಮ್ಮ ಹೇಗೋ ತಡೆದುಕೊಳ್ಳುತ್ತಿದ್ದಳೋ ಏನೋ. ಗೃಹಪ್ರವೇಶದ ದಿನ ರೇಣುಕಾ ಗಾದೆಮ್ಮನಿಗೆ ಉಡಿಸಿದ ಸೀರೆಗಿಂತ ತನ್ನ ತವರಿನ ಅಕ್ಕನಿಗೆ ಉಡಿಸಿದ ಸೀರೆಯ ಅಂಚು ಎರಡು ಬೆರಳು ಅಗಲ ಇದ್ದದ್ದನ್ನು ಗಾದೆಮ್ಮ ನೋಡಿಬಿಟ್ಟಳು. ಅವತ್ತು ನಿಂತ ಮಾತು ಎರಡು ವರ್ಷವಾದರೂ ಶುರುವಾಗಿರಲಿಲ್ಲ.

ಎದುರು ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಈಚೆ ಗಾದೆಮ್ಮನ ಹೊಟ್ಟೆಯಲ್ಲಿ ಹೊಗೆ ಏಳುತ್ತಿತ್ತು. ವಾಷಿಂಗ್ ಮಿಷಿನ್ ಬಂದ ದಿನವಂತೂ ಕೇಳಲೇಬೇಡಿ. ಅದರ ಗುರ್ ಸದ್ದು ಕೇಳಿಸುತ್ತಿದ್ದಂತೆ ಗಾದೆಮ್ಮ ಹಿತ್ತಲಲ್ಲಿ ಕಂಬಳಿಯನ್ನು ಎತ್ತಿ ಎತ್ತಿ ಕಲ್ಲಿಗೆ ಬಡಿದಳು. ಪಾಪ, ಕಂಬಳಿ ಏನು ಮಾಡಿತ್ತು? ಬಾಗಿಲಲ್ಲಿ ಕೂತು ಜೋಳ ಹಸನು ಮಾಡುವಾಗ ಅವಳ ಕೈ ಮೊರದ ಮೇಲೆ, ಕಣ್ಣು ಉಯ್ಯಾಲೆಯ ಮೇಲೆ ಇರುತ್ತಿತ್ತು. ಆ ದಿನಗಳಲ್ಲಿ ಅವರ ಮನೆಯ ರೊಟ್ಟಿಯಲ್ಲಿ ಹಲ್ಲಿಗೆ ಕಲ್ಲು ಸಿಗುತ್ತಿತ್ತು ಎಂದು ಬಂಗಾರಪ್ಪ ಈಗಲೂ ಹೇಳುತ್ತಾನೆ.

ಈ ಹೊಗೆ ಊರಿಗೆಲ್ಲ ಕಾಣುತ್ತಿತ್ತು. ಹುಲುಗಣ್ಣನಿಗೂ ಕಂಡಿತು. ಹುಲುಗಣ್ಣ ಅಂದರೆ ಲೇಔಟಿನವರಿಗೆ ಹೊಲ ಕೊಡಿಸುವ ಏಜೆಂಟು. ಮುಂಗಾರು ಶುರುವಾಗುವ ಮೊದಲು, ಬಂಗಾರಪ್ಪ ಕುರಿ ಹೊಡೆದುಕೊಂಡು ಕೂಡ್ಲಿಗಿ ಕಡೆಯ ಗುಡ್ಡಕ್ಕೆ ಹೋದ ಮೂರನೇ ದಿನ, ಅವನ ಸ್ಕೂಟರು ಗಾದೆಮ್ಮನ ಬಾಗಿಲಿಗೆ ಬಂದು ನಿಂತಿತು.

“ಏನ್ ಗಾದೆಮ್ಮಕ್ಕ, ನಿಮ್ಮ ವಾರಗಿತ್ತಿ ಉಯ್ಯಾಲಿ ಮ್ಯಾಲ ಕುಂತು ಚಾ ಕುಡೀಲಿಕ್ಕೆ ಹತ್ಯಾಳ. ನೀವಿನ್ನ ಸಗಣಿ ತಟ್ಟಿಕೊಂತ ಕುಂತೀರಲ್ಲ?”

“ನೋಡೀನಿ ಬಿಡಪ್ಪ. ದಿನಾ ಅದನ್ನ ನೋಡೋದ ನನ್ನ ಹಣೇಬರ ಆಗೈತಿ.”

“ಲೇಔಟು ಎರಡನೇ ಹಂತ ಮಾಡ್ತಾರಕ್ಕ. ಅದಕ್ಕ ದಾರಿ ನಿಮ್ಮ ಹೊಲದಾಗ ಹಾಯಬೇಕು. ನೀವು ಕೊಟ್ರ ರೇಣುಕಕ್ಕನ ಮನಿ ನಿಮ್ಮ ಮನಿ ಮುಂದ ಕೋಳಿಗೂಡು ಇದ್ದಂಗ ಕಾಣ್ತೈತಿ ನೋಡ್ರಿ!”

ಕೋಳಿಗೂಡು ಅನ್ನುವ ಮಾತು ಗಾದೆಮ್ಮನ ಕಿವಿಗೆ ಜೇನು ಹೊಯ್ದಂತಾಯಿತು. ಆದರೂ ಅನುಮಾನ ಇದ್ದೇ ಇತ್ತು.

“ನಮ್ಮನಿಯವರು ಒಪ್ಪಂಗಿಲ್ಲೋ ತಮ್ಮಾ. ಹೊಲ ಅಂದ್ರ ಅವರಿಗೆ ದೇವರು.”

“ಹೊಲ ನಿಮ್ಮ ಹೆಸರಿನಾಗ ಐತಿ. ಮ್ಯಾಲೆ ಇನ್ನೊಂದು ಮಾತು. ನಿಮ್ಮ ಹಿಂದಿನ ಹೊಲದ ಶಿವಬಸಮ್ಮ ಆಗಲೇ ಒಪ್ಪಿ ಬಿಟ್ಟಾಳ. ಆಕಿ ಮೊದಲು ಕೊಟ್ರ ಸುತ್ತು ಹಾಕಿ ಆ ಕಡಿಂದ ದಾರಿ ಮಾಡ್ತಾರ. ಆಮ್ಯಾಲೆ ನಿಮ್ಮ ಹೊಲ ಯಾರ್ ಕೇಳ್ತಾರ?”

ಶಿವಬಸಮ್ಮ ಮುಂದಾಗುತ್ತಾಳಾ? ಸಂತೆಯಲ್ಲಿ ಬದನೆಕಾಯಿ ಆರಿಸಲೂ ತನ್ನ ಮುಖ ನೋಡುವ ಶಿವಬಸಮ್ಮ? ಗಾದೆಮ್ಮನಿಗೆ ಅಲ್ಲಿಂದ ಮುಂದೆ ಏನೂ ಕೇಳಿಸಲಿಲ್ಲ. ಕೇಳಿಸಿದ್ದು ಕೊನೆಯ ಮಾತು ಮಾತ್ರ.

“ಈ ವರ್ಷ ಬಿತ್ತಬ್ಯಾಡ್ರಿ. ಬೀಳು ಬಿಡ್ರಿ. ಬೆಳಿ ನಿಂತಿದ್ರ ತಕರಾರು ಜಾಸ್ತಿ, ಬೀಳು ಹೊಲ ಆದ್ರ ಕಾಗದ ಸರಸರ ಆಗ್ತಾವ. ಸೀಗಿ ಹುಣ್ಣಿವಿ ಮಾರನೇ ದಿನ ನಾನ ಬರ್ತೀನಿ. ಒಂದು ಸಹಿ ಹಾಕಿದ್ರ ಮುಗೀತು.”

ಮಿರಗ ಮಳೆ, ಅಂದರೆ ಮೃಗಶಿರೆ, ಬಂತು. ಊರಿಗೆ ಊರೇ ಹೊಲಕ್ಕೆ ಓಡಿತು. ಗಾದೆಮ್ಮ ಓಡಲಿಲ್ಲ. ಕೇಳಿದವರಿಗೆ “ಈ ಸಲ ಮುಂಗಾರಿ ಬ್ಯಾಡ ಅಂದಾರ, ಹಿಂಗಾರಿಗೆ ಹಾಕ್ತೀವಿ” ಅಂದಳು. ಎರೆ ಹೊಲದವರು ಹಾಗೆ ಮಾಡುವುದುಂಟು, ಯಾರೂ ಅನುಮಾನ ಪಡಲಿಲ್ಲ. ಗಂಡನಿಗೆ ಏನು ಹೇಳುವುದು? ಗುಡ್ಡದ ಮೇಲೆ ಸಿಗ್ನಲ್ ಸಿಕ್ಕಾಗೊಮ್ಮೆ ಬಂಗಾರಪ್ಪ ಫೋನ್ ಮಾಡುತ್ತಿದ್ದ.

“ಬಿತ್ತಿದ್ಯಾ?”

“ಬಿತ್ತೀನ್ರೀ. ಮೆಕ್ಕಿಜೋಳ.”

ತಿಂಗಳು ಕಳೆದ ಮೇಲೆ, “ಎಷ್ಟುದ್ದ ಆಗೈತಿ?”

“ಮೊಣಕಾಲ ಮಟ ಬಂದೈತ್ರೀ.”

ಇನ್ನೊಂದು ತಿಂಗಳಿಗೆ, “ತೆನಿ ಹಿಡದೈತೇನು?”

“ಹಿಡದೈತ್ರೀ! ಒಂದೊಂದು ತೆನಿ ಮೊಳದುದ್ದ ಐತಿ.”

ಬಾಯಲ್ಲಿ ಬೆಳೆದ ಬೆಳೆಗೆ ಮಳೆಯೂ ಬೇಡ, ಗೊಬ್ಬರವೂ ಬೇಡ. ಅತ್ತ ಗುಡ್ಡದ ಮೇಲೆ ಬಂಗಾರಪ್ಪ ಜೊತೆಗಾರರಿಗೆಲ್ಲ ಹೇಳಿ ಹಿಗ್ಗುತ್ತಿದ್ದ. ಇತ್ತ ಹೊಲದಲ್ಲಿ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಂತಿತ್ತು.

ಸೀಗಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ ಗಾದೆಮ್ಮ ಆ ಹೊಲದ ಬದುವಿನಲ್ಲಿ ಒಣ ಕಡ್ಡಿ ಆರಿಸುತ್ತಿದ್ದಳು. ಸಂಘಮಿತ್ರಾ ಮೊಬೈಲು ಹಿಡಿದು ಬಂದಳು. ಸಂಘಮಿತ್ರಾ ಮೇಗಳ ಓಣಿಯ ಸಿದ್ದಲಿಂಗನ ಮಗಳು, ಊರಿನ ಕೃಷಿ ಸಖಿ. ಬೆಳೆ ಸಮೀಕ್ಷೆಯ ಕೆಲಸವೂ ಅವಳದೇ. ಒಂದೊಂದು ಹೊಲದಲ್ಲೂ ನಿಂತು ಏನು ಬೆಳೆದಿದೆ ಎಂದು ಫೋಟೋ ತೆಗೆಯಬೇಕು.

“ಗಾದೆಮ್ಮಕ್ಕ, ಇದೇನಿದು? ಬೀಳು ಬಿಟ್ಟೀರಿ?”

“ಹಿಂಗಾರಿಗೆ ಹಾಕ್ತೀವಿ ಯವ್ವ. ನೀ ಹಿಂಗ ದಾಟಿಕೊಂಡು ಹೋಗು. ಫೋಟೋ ಗೀಟೋ ಬ್ಯಾಡ.”

“ನಾನು ಇದ್ದದ್ದನ್ನ ಬರೀಬೇಕಕ್ಕ. ಈ ಹಂಗಾಮಿಗೆ ಬೀಳು ಅಂತ ದಾಖಲೆ ಆಗ್ತೈತಿ. ಅದೂ ಈಗ, ಇಂಥಾ ಹೊತ್ತಿನಾಗ!”

“ಎಂಥಾ ಹೊತ್ತು?”

ಸಂಘಮಿತ್ರಾ ಬದುವಿನ ಮೇಲೆ ಕೂತಳು. ಗಾದೆಮ್ಮನನ್ನೂ ಕೂರಿಸಿಕೊಂಡಳು.

“ಪಂಚಾಯ್ತಿ ಗ್ವಾಡಿ ಮ್ಯಾಲೆ ನೋಟಿಸ್ ಹಚ್ಯಾರ, ನೋಡಿಲ್ಲೇನು? ಹರಪನಹಳ್ಳಿ ಪಟ್ಟಣ ಮುಂದ ಹೆಂಗ ಬೆಳೀಬೇಕು ಅಂತ ಹೊಸ ನಕ್ಷೆ ಮಾಡ್ಯಾರ. ಅದ್ರಾಗ ನಿಮ್ಮ ಹೊಲಕ್ಕೂ ಹಿಂದಿನ ಹನ್ನೊಂದು ಮನಿ ಹೊಲಕ್ಕೂ ಹಳದಿ ಬಣ್ಣ ಬಳದಾರ. ಹಳದಿ ಅಂದ್ರ ಮನಿ ಕಟ್ಟೋ ಜಾಗ. ಹಸಿರು ಅಂದ್ರ ಬೇಸಾಯದ ಜಾಗ.”

“ಬಳದ್ರ ಬಳೀಲಿ ಬಿಡು. ಹೆಂಗೂ ಕೊಡೋದ ಐತಿ.”

“ಕೊಡ್ತೀರಾ?”

ಗಾದೆಮ್ಮ ನಾಲಿಗೆ ಕಚ್ಚಿಕೊಂಡಳು. ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಹುಲುಗಣ್ಣ ಹೇಳಿದ್ದನ್ನೆಲ್ಲ ಹೇಳಿಬಿಟ್ಟಳು.

“ಅಲ್ಲ ಯವ್ವ, ಊರು ಅಂದ್ಮ್ಯಾಲ ಬೆಳೀಬೇಕಲ್ಲ? ಮಂದಿ ಹೆಚ್ಚಾಗ್ಯಾರ, ಅವರು ಎಲ್ಲಿರಬೇಕು?”

“ಬೆಳೀಲಕ್ಕ, ಯಾರ್ ಬ್ಯಾಡ ಅಂತಾರ? ರೇಣುಕಕ್ಕನ ಹೊಲದಾಗ ಕಲ್ಲು ನೆಟ್ಟು ಎರಡು ವರ್ಷ ಆತು. ಎಷ್ಟು ಮನಿ ಎದ್ದಾವ ಹೇಳ್ರಿ.”

“ಒಂದೂ ಇಲ್ಲ.”

“ಅಲ್ಲಿ ಮನಿ ತುಂಬಲಿ, ಊರೊಳಗ ಖಾಲಿ ಬಿದ್ದ ಜಾಗ ತುಂಬಲಿ. ಆಮ್ಯಾಲೆ ನಿಮ್ಮ ಹೊಲ ಕೇಳಲಿ. ಈಗ ಇನ್ನೊಂದು ನೋಡ್ರಿ. ಆ ಲೇಔಟಿನವರು ಮಳಿ ನೀರು ಹೋಗೋ ಕಾಲಿವಿ ಮುಚ್ಚಿ ರಸ್ತಿ ಮಾಡ್ಯಾರ. ನಿಮ್ಮ ಹೊಲದ ಮೂಲ್ಯಾಗ ನೀರು ನಿಂತು ಜೇಕಿನ ಹುಲ್ಲು ಬೆಳದೈತಿ. ಮೊದಲು ಹಿಂಗಿತ್ತೇನು?”

ಇರಲಿಲ್ಲ. ಗಾದೆಮ್ಮ ಆ ಮೂಲೆಯನ್ನು ನೋಡಿಯೂ ನೋಡದಂತೆ ಇದ್ದಳು.

“ನಿಮ್ಮ ಹೊಲ ಬಾಗಲಾ ಇದ್ದಂಗಕ್ಕ. ನೀವು ಕೊಟ್ರ ದಾರಿ ಆತು. ದಾರಿ ಆದ್ರ ಹಿಂದಿನವರು ಒಬ್ಬೊಬ್ರ ಕೊಡ್ತಾರ, ಕೊಡದಿದ್ರ ಕೊಡೋಹಂಗ ಮಾಡ್ತಾರ. ಸುಗ್ಗಿ ಆದಮ್ಯಾಲೆ ಬಂಗಾರಪ್ಪ ಮಾವ ಆ ಹನ್ನೊಂದು ಹೊಲದಾಗ ರಾತ್ರಿ ಕುರಿ ತರುಬಿ ನಿಲ್ಲಸ್ತಾನ. ಕುರಿ ನಿಂತ ಹೊಲಕ್ಕ ಗೊಬ್ಬರ ಆಗ್ತೈತಿ, ನಿಮಗ ವರ್ಷದ ಜೋಳ ಬರ್ತೈತಿ. ಕಲ್ಲು ನೆಟ್ಟ ಜಾಗದಾಗ ಕುರಿ ಯಾರ್ ತರುಬಿಸ್ಕೊಂತಾರ?”

ಇದನ್ನು ಗಾದೆಮ್ಮ ಯೋಚಿಸಿರಲಿಲ್ಲ. ತನ್ನ ಎರಡು ಎಕರೆಯ ಲೆಕ್ಕ ಮಾತ್ರ ಅವಳ ತಲೆಯಲ್ಲಿತ್ತು. ಆದರೂ ಹೊಟ್ಟೆಯೊಳಗಿನ ಹೊಗೆ ಅಷ್ಟು ಸುಲಭಕ್ಕೆ ಆರುತ್ತದೆಯೇ?

“ಅಂದ್ರ ಏನಾತು? ರೇಣುಕಾ ಉಯ್ಯಾಲಿ ಆಡಬೇಕು, ನಾನು ಬಿಸಲಾಗ ಬೆವರು ಸುರಸಬೇಕು. ಹಂಗೇನು ನಿನ್ನ ನ್ಯಾಯ?”

“ಅದನ್ನ ನನ್ನ ಕೇಳಬ್ಯಾಡ್ರಿ, ರೇಣುಕಕ್ಕನ್ನ ಕೇಳ್ರಿ. ಆ ನಕ್ಷೆ ಇನ್ನ ಕರಡು ಐತಿ, ಅಖೈರು ಆಗಿಲ್ಲ. ತಕರಾರು ಇದ್ದವರು ನೋಟಿಸಿನಾಗ ಬರದ ತಾರೀಖಿನೊಳಗ ಬರದು ಕೊಡಬೇಕು. ಹುಣ್ಣಿವಿ ಆದ ವಾರಕ್ಕ ಕಡೀ ದಿನ. ಸುಮ್ಮನಿದ್ರ ಒಪ್ಪಿಗಿ ಕೊಟ್ಟಂಗ ಆಗ್ತೈತಿ.”

ಇಷ್ಟು ಹೇಳಿ ಸಂಘಮಿತ್ರಾ ಬೀಳು ಹೊಲದ ಫೋಟೋ ತೆಗೆದುಕೊಂಡು ಹೋದಳು. ಗಾದೆಮ್ಮ ಮನಸ್ಸಿನಲ್ಲೇ ಅವಳಿಗೂ ನಾಲ್ಕು ಬೈದಳು.

ರೇಣುಕಾಳನ್ನು ಕೇಳುವುದಂತೆ! ಎರಡು ವರ್ಷ ಬಿಟ್ಟ ಮಾತನ್ನು ತಾನು ಮೊದಲು ಆಡಿದರೆ ಸೋತ ಹಾಗಲ್ಲವೇ?

ಸೀಗಿ ಹುಣ್ಣಿಮೆ ಬಂದೇ ಬಿಟ್ಟಿತು. ನಮ್ಮ ಕಡೆ ಅವತ್ತು ಹೊಲಕ್ಕೆ ಚರಗ ಚೆಲ್ಲುವುದು ನಿಮಗೆ ಗೊತ್ತಲ್ಲ. ಬೆಳೆ ಹೊತ್ತು ನಿಂತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು. ಕಡುಬು, ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಬುತ್ತಿ ಅನ್ನ ಎಲ್ಲ ಬುಟ್ಟಿ ತುಂಬಿ ಹೊಲಕ್ಕೆ ಹೊತ್ತುಕೊಂಡು ಹೋಗಬೇಕು. ಅದಕ್ಕೆಂದೇ ಬಂಗಾರಪ್ಪ ಮಂದೆ ಹೊಡೆದುಕೊಂಡು ಬೆಳಿಗ್ಗೆ ಬೆಳಿಗ್ಗೆಯೇ ಊರಿಗೆ ಬಂದಿಳಿದ. ಸ್ನಾನ ಮಾಡಿ ಹಣೆಗೆ ಭಂಡಾರ ಹಚ್ಚಿಕೊಂಡು ನಿಂತ.

“ನಡೀ, ಮೊಳದುದ್ದ ತೆನಿ ನೋಡೋಣು.”

ಕಾಲು ನೋವು ಅನ್ನಲೇ, ತಲೆ ತಿರುಗುತ್ತದೆ ಅನ್ನಲೇ ಎಂದು ಗಾದೆಮ್ಮ ಯೋಚಿಸುವಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ರೇಣುಕಾ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಓಣಿ ದಾಟಿ ಬಂದಳು. ಗಾದೆಮ್ಮನ ಕಣ್ಣು ಮೊದಲು ಹೋದದ್ದು ಬುಟ್ಟಿಗೆ. ಅಲ್ಲೂ ಹೊಸ ಬುಟ್ಟಿ.

“ಅಕ್ಕಾ,” ಅಂದಳು ರೇಣುಕಾ. “ಚರಗ ಚೆಲ್ಲಾಕ ನನಗ ಹೊಲ ಇಲ್ಲ. ಹ್ವಾದ ವರ್ಷ ಮಾಳಿಗಿ ಮ್ಯಾಲೆ ಚೆಲ್ಲಿದ್ನಿ, ಕಾಗಿ ತಿಂದ್ವು. ಈ ವರ್ಷ ನಿಮ್ಮ ಹೊಲದಾಗ ಒಂದು ಹಿಡಿ ಚೆಲ್ಲತೀನಿ. ಬ್ಯಾಡ ಅನಬ್ಯಾಡ.”

ಆ ಹೊಲದ ಕಡೆ ರೇಣುಕಾ ಎರಡು ವರ್ಷದಿಂದ ಕಾಲಿಟ್ಟಿರಲಿಲ್ಲ. ಅಲ್ಲಿ ಏನಿದೆ, ಏನಿಲ್ಲ ಅವಳಿಗೆ ಗೊತ್ತಿರಲಿಲ್ಲ. ಗಾದೆಮ್ಮನಿಗೆ ಗೆದ್ದಂತೆ ಅನ್ನಿಸಬೇಕಾದ ಹೊತ್ತು ಅದು. ಉಯ್ಯಾಲೆಯವಳು ತನ್ನ ಬಾಗಿಲಿಗೆ ಬಂದು ಬೇಡುತ್ತಿದ್ದಾಳೆ, ಕೊಡಲು ತನ್ನ ಹತ್ತಿರ ಏನೂ ಇಲ್ಲ!

“ಇಂಥಾ ಮಾತಿಗೆ ಬ್ಯಾಡ ಅಂತಾರೇನವ್ವ? ನಡೀ,” ಎಂದು ಬಂಗಾರಪ್ಪನೇ ಹೊರಟುಬಿಟ್ಟ.

ದಾರಿಯುದ್ದಕ್ಕೂ ಗಾದೆಮ್ಮ ಹಿಂದೆ ಹಿಂದೆ ಉಳಿದಳು. ಕಮಾನು ದಾಟಿದರು, ಕಲ್ಲುಗಳನ್ನು ದಾಟಿದರು. ರೇಣುಕಾ ಕಲ್ಲುಗಳ ಕಡೆ ನೋಡದೆ ತಲೆ ತಗ್ಗಿಸಿ ನಡೆದಳು. ಸುತ್ತಲಿನ ಹೊಲಗಳಲ್ಲಿ ಜನ “ಹುಲ್ಲುಲ್ಲಿಗೋ” ಎಂದು ಕೂಗುತ್ತಾ ಚರಗ ಚೆಲ್ಲುತ್ತಿದ್ದರು. ಬಂಗಾರಪ್ಪ ತನ್ನ ಬದು ಹತ್ತಿ ನಿಂತ.

ಕಾಂಗ್ರೆಸ್ ಗಿಡ, ಉತ್ತರಾಣಿ, ಮೂಲೆಯಲ್ಲಿ ಜೇಕು. ಮೆಕ್ಕೆಜೋಳದ ಒಂದು ದಂಟೂ ಇಲ್ಲ.

ಅವನು ಬಗ್ಗಿ ಒಂದು ಕಾಂಗ್ರೆಸ್ ಗಿಡ ಕಿತ್ತ. ಆಮೇಲೆ ಮೆಲ್ಲಗೆ, “ಮೊಳದುದ್ದ ಅಂದಿದ್ದೀ,” ಅಂದ. ಬೈದಿದ್ದರೆ ಗಾದೆಮ್ಮ ತಿರುಗಿ ಬೈಯುತ್ತಿದ್ದಳು. ಅವನು ಬೈಯಲಿಲ್ಲ.

ಗಾದೆಮ್ಮ ಅಲ್ಲೇ ಕುಸಿದು ಕೂತಳು. ಎರಡು ವರ್ಷ ಒಳಗೇ ಕುದಿದದ್ದು ಹೊರಗೆ ಬಂತು.

“ಹೌದ್ರೀ, ಬಿತ್ತಲಿಲ್ಲ! ಸುಳ್ಳು ಹೇಳಿದೆ! ಇಕಿ ಮನಿ ನೋಡಿ ನೋಡಿ ನನ್ನ ಹೊಟ್ಟಿ ಸುಟ್ಟು ಬೂದಿ ಆಗೈತಿ. ಇಕಿ ಉಯ್ಯಾಲಿ, ಇಕಿ ಮಿಷಿನ್ನು, ಇಕಿ ಕುಕ್ಕರು! ನಾನೂ ಹೊಲ ಕೊಟ್ಟು ಇಕಿಗಿಂತ ದೊಡ್ಡ ಮನಿ ಕಟ್ಟಬೇಕು ಅಂತ ಬೀಳು ಬಿಟ್ಟೆ. ನಾಳಿ ಹುಲುಗಣ್ಣ ಕಾಗದ ತರ್ತಾನ. ಈಗ ಏನ್ ಮಾಡ್ತೀರಿ ಮಾಡ್ರಿ!”

ರೇಣುಕಾ ಬುಟ್ಟಿ ಇಳಿಸಿದಳು. ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೆ ಬಂದವೋ.

“ನನ್ನ ನೋಡಿ ನಿನಗ ಹೊಟ್ಟಿಕಿಚ್ಚಾ? ಅಯ್ಯ ನನ್ನ ಶಿವನ! ಅಕ್ಕಾ, ಮಿರಗ ಮಳಿ ಬಿದ್ದ ದಿನ ಊರಿಗೆ ಊರ ಹೊಲಕ್ಕ ಓಡ್ತೈತಿ. ನಾನು ಎದ್ದು ಕಿಟಕಿ ಹಾಕ್ತೀನಿ, ಟೈಲ್ಸ್ ಒದ್ದಿ ಆಗ್ತಾವಂತ. ಮಳಿ ಬಂದ್ರ ಕಿಟಕಿ ಹಾಕೋ ಹೆಂಗಸಾಗೀನಿ ನಾನು. ನೀನು ಉಡ್ಯಾಗ ಹಸಿ ಕಡ್ಲಿ ತುಂಬ್ಕೊಂಡು ಮನಿಗೆ ಬರೋದು ನೋಡಿದ್ರ ನನಗ ಕೂಳು ಇಳೀತಿದ್ದಿಲ್ಲ. ಜೋಳಾನೂ ಅಂಗಡ್ಯಾಗ ತರ್ತೀನಿ ನಾನು. ನಮ್ಮನಿಯವರು ಕುರಿ ಮಾರಿ ಆಟೋ ತಗೊಂಡಾರ, ಹಬ್ಬದ ದಿನಾನೂ ಬಸ್ ಸ್ಟ್ಯಾಂಡಿನಾಗ ಗಿರಾಕಿ ಕಾಯ್ಕೊಂತ ನಿಂತಾರ.”

“ಹಂಗಾದ್ರ ಯಾಕ ಕೊಟ್ಟಿ ಹೊಲಾನ?”

“ನಿನ್ನಿಂದ ಕೊಟ್ಟೆ!”

“ನನ್ನಿಂದಾ?”

“ಹುಲುಗಣ್ಣ ಬಂದು ಏನಂದ ಗೊತ್ತೇನು? ‘ನಿಮ್ಮಕ್ಕ ಗಾದೆಮ್ಮ ಒಪ್ಪಿ ಬಿಟ್ಟಾಳ, ಆಕಿ ಮೊದಲು ಕೊಟ್ರ ಆಮ್ಯಾಲೆ ನಿಮ್ಮ ಹೊಲ ಯಾರ್ ಕೇಳ್ತಾರ’ ಅಂದ. ಅಕ್ಕ ನನಗಿಂತ ಮೊದಲು ಮನಿ ಕಟ್ಟಿಬಿಡ್ತಾಳ ಅಂತ ನನ್ನ ಹೊಟ್ಟ್ಯಾಗ ಬೆಂಕಿ ಬಿತ್ತು. ಮರುದಿನಾನ ಸಹಿ ಹಾಕಿದೆ.”

“ಆ ವರ್ಷ ನಾನು ಅವನ ಮುಖಾನೂ ನೋಡಿದ್ದಿಲ್ಲಲೇ ರೇಣುಕಾ!”

ಗದ್ದಲ ಕೇಳಿ ಹಿಂದಿನ ಹೊಲದಿಂದ ಶಿವಬಸಮ್ಮ ಕೈಯಲ್ಲಿ ಕಡುಬು ಹಿಡಿದೇ ಬಂದಳು. ತಾನು ಮೊದಲು ಒಪ್ಪಿದ್ದಾಳೆ ಎಂದು ಹುಲುಗಣ್ಣ ಗಾದೆಮ್ಮನಿಗೆ ಹೇಳಿದ್ದು ತಿಳಿದದ್ದೇ ಹಣೆ ಬಡಿದುಕೊಂಡಳು.

“ಒಪ್ಪೀನಿ ಅಂತ ಅಂದ್ನ್ಯಾ ನಾನು? ಯಾವ ಬಾಯಾಗ? ನನಗೂ ಬಂದು ಹೇಳ್ಯಾನ ಅವನು. ಗಾದೆಮ್ಮ ಕಾಗದಕ್ಕ ಸಹಿ ಹಾಕ್ಯಾಳ, ಇನ್ನ ನಿಮ್ಮ ಹೊಲ ಯಾರ್ ಕೇಳ್ತಾರ ಅಂತ. ಹೆದರಿ ನಾನೂ ಹೂಂ ಅನ್ನೋದರಾಗ ಇದ್ದೆ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಮಾತು, ಮೂರು ಬಾಗಿಲು! ಹುಲುಗಣ್ಣ ಗಂಟು ಕಟ್ಟಿಕೊಂಡು ತಂದದ್ದು ಏನೂ ಇರಲಿಲ್ಲ. ಇವರ ಹೊಟ್ಟೆಕಿಚ್ಚನ್ನೇ ಬಂಡವಾಳ ಮಾಡಿಕೊಂಡು ಇವರ ಹೊಲಕ್ಕೆ ದಾರಿ ಕಡಿಯುತ್ತಿದ್ದ. ಗಾದೆಮ್ಮನಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಸಿಟ್ಟು ಅವನ ಮೇಲಷ್ಟೇ ಅಲ್ಲ, ತನ್ನ ಮೇಲೂ ಬಂತು.

“ಕುಂಬಾರಗ ವರುಷ, ದೊಣ್ಣಿಗೆ ನಿಮಿಷ ಅಂದಂಗ ಆತು,” ಅಂದ ಬಂಗಾರಪ್ಪ. “ನಮ್ಮ ಮುತ್ತಜ್ಜ ಈ ಹೊಲದಾಗಿನ ಕಲ್ಲು ಆರಿಸಿ ಆರಿಸಿ ಹೊರಗ ಹಾಕಿದ್ದ. ಇವರು ಬಂದು ತಿರುಗಿ ಕಲ್ಲು ನೆಡಾಕ ಒಂದು ದಿನ ಸಾಕು.”

“ಈಗ ಚರಗ ಎಲ್ಲಿ ಚೆಲ್ಲೋದ್ರೀ?” ಗಾದೆಮ್ಮನ ದನಿ ಸಣ್ಣದಾಗಿತ್ತು. “ಬೆಳಿ ಇಲ್ಲದ ಹೊಲಕ್ಕ ಬಯಕಿ ಊಟ ಬಡಸ್ತಾರೇನು?”

“ಬೀಳು ಬಿದ್ದೈತಿ, ಸತ್ತಿಲ್ಲ. ಚಿತ್ತಿ ಮಳಿ ಇನ್ನ ಐತಿ. ಎಂಟು ದಿನ ನಮ್ಮ ಕುರಿ ಇಲ್ಲೇ ತರುಬ್ತೀನಿ. ಕುಂಟಿ ಹೊಡದು ಕಡ್ಲಿ ಬಿತ್ತೋಣು. ರೇಣುಕಾ, ನೀ ಚೆಲ್ಲವ್ವ ಮೊದಲು.”

ರೇಣುಕಾ ಬುಟ್ಟಿಯ ಬಟ್ಟೆ ತೆಗೆದಳು. ಅವಳ ಕಡುಬು ಒಂದೊಂದೂ ಅಚ್ಚಿನಲ್ಲಿ ತೆಗೆದ ಹಾಗಿದ್ದವು. ಗಾದೆಮ್ಮ ತನ್ನ ಸೊಟ್ಟ ಕಡುಬುಗಳನ್ನು ಸೆರಗಿನಿಂದ ಮುಚ್ಚಿಕೊಂಡಳು. ಏನು ಮಾಡುವುದು, ಹುಟ್ಟುಗುಣ ಒಂದೇ ಹೊತ್ತಿಗೆ ಹೋಗುತ್ತದೆಯೇ? ಇಬ್ಬರೂ ಬದುವಿನ ಸುತ್ತ ನಡೆದು ಚರಗ ಚೆಲ್ಲಿದರು. ಶಿವಬಸಮ್ಮನ ಹೊಲದ ಹೆಂಗಸರೂ ಬಂದು ಕೂಡಿಕೊಂಡರು. ಆಮೇಲೆ ಎಲ್ಲರೂ ಒಂದೇ ಕಂಬಳಿಯ ಮೇಲೆ ಕೂತು ಉಂಡರು.

ಮಾರನೇ ದಿನ ಹುಲುಗಣ್ಣ ಹೇಳಿದ ಹೊತ್ತಿಗೇ ಬಂದ. ಗಾದೆಮ್ಮನ ಕಟ್ಟೆಯ ಮೇಲೆ ಮೂರು ಹೆಂಗಸರು ಒಟ್ಟಿಗೆ ಕೂತಿರುವುದನ್ನು, ಪಕ್ಕದಲ್ಲಿ ಸಂಘಮಿತ್ರಾ ನಿಂತಿರುವುದನ್ನು ನೋಡಿ ಸ್ಕೂಟರಿನ ಮೇಲೇ ಉಳಿದ.

“ಬಾರಪ್ಪ, ಇಳಿ,” ಅಂದಳು ಗಾದೆಮ್ಮ. “ಯಾರು ಮೊದಲು ಒಪ್ಪ್ಯಾರ ಅಂತ ಈಗ ಮೂವರ ಮುಂದ ಇನ್ನೊಮ್ಮೆ ಹೇಳು.”

“ಅದು ಹಂಗಲ್ಲಕ್ಕ, ನಾನು ನಿಮ್ಮ ಒಳ್ಳೇದಕ್ಕ...”

“ಕಾಗದ ತಾ. ಸಂಘಮಿತ್ರಾ ಓದಿ ಹೇಳಲಿ, ಏನು ಬರದೈತಿ ಕೇಳೋಣು.”

ಕಾಗದದಲ್ಲಿ ಅರ್ಧ ಜಾಗ ಖಾಲಿ ಇತ್ತು. ಖಾಲಿ ಬಿಟ್ಟ ಜಾಗದ ಕೆಳಗೆ ಗಾದೆಮ್ಮ ಸಹಿ ಹಾಕಬೇಕಿತ್ತು. ಸಂಘಮಿತ್ರಾ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದಳು. ಹುಲುಗಣ್ಣನಿಗೆ ಕೊಟ್ಟೂರಿನಲ್ಲಿ ಅರ್ಜೆಂಟು ಕೆಲಸ ನೆನಪಾಯಿತು, ಕಾಗದ ಕಸಿದುಕೊಂಡು ಹೊರಟೇ ಹೋದ.

ಆ ವಾರ ಊರಲ್ಲಿ ತಕರಾರು ಅರ್ಜಿಯದೇ ಮಾತು. ಬರೆದವಳು ಸಂಘಮಿತ್ರಾ. ಇದು ಬೇಸಾಯದ ಭೂಮಿ, ಸರ್ವೆ ನಂಬರು ಇಂತಿಂಥವು, ಹನ್ನೆರಡು ಮನೆಯವರು ಇದರಿಂದ ಉಣ್ಣುತ್ತೇವೆ, ಊರಿನ ಕುರಿಗಳನ್ನು ಇಲ್ಲೇ ತರುಬುತ್ತೇವೆ, ಮಳೆ ನೀರಿನ ಕಾಲುವೆ ಮುಚ್ಚಿಹೋಗಿದೆ, ಈಗಿರುವ ಲೇಔಟು ಇನ್ನೂ ಖಾಲಿ ಬಿದ್ದಿದೆ, ಆದ್ದರಿಂದ ನಕ್ಷೆಯಲ್ಲಿ ನಮ್ಮ ಹೊಲಗಳನ್ನು ಬೇಸಾಯಕ್ಕೇ ಬಿಡಬೇಕು. ಇಷ್ಟೇ, ಸರಳವಾಗಿ ಬರೆದಳು. ಸರ್ವೆ ನಂಬರು ತಪ್ಪಬಾರದು ಎಂದು ಎಲ್ಲರ ಪಹಣಿ ತರಿಸಿ ನೋಡಿದಳು.

ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಎಲ್ಲರೂ ಪಂಚಾಯ್ತಿ ಕಟ್ಟೆಯಲ್ಲಿ ಸೇರಿದರು. ರೇಣುಕಾ ದೂರದಲ್ಲೇ ನಿಂತಿದ್ದಳು.

“ನನಗೀಗ ಹೊಲ ಇಲ್ಲ. ನನ್ನ ಸಹಿ ನಡೀತೈತೇನ್ ತಂಗಿ?”

“ನಡೀತೈತಕ್ಕ. ತಕರಾರು ಹೇಳಾಕ ಹೊಲ ಇರಬೇಕು ಅಂತಿಲ್ಲ, ಯಾರಾದ್ರೂ ಕೊಡಬಹುದು. ಹೊಲ ಕೊಟ್ರ ಏನಾಗ್ತೈತಿ ಅಂತ ನಿಮ್ಮಷ್ಟು ಯಾರಿಗೆ ಗೊತ್ತೈತಿ?”

ರೇಣುಕಾ ಬಂದವಳೇ ಪೆನ್ನು ತೆಗೆದುಕೊಂಡು ಎಲ್ಲರಿಗಿಂತ ಮೇಲೆ, ಒಂದನೇ ನಂಬರಿನ ಮುಂದೆ ತನ್ನ ಹೆಸರು ಬರೆದಳು.

ಗಾದೆಮ್ಮ ನೋಡುತ್ತಿದ್ದಳು. ಕಣ್ಣು ತುಂಬಿ ಬಂತು. ಅದರ ಹಿಂದೆಯೇ ಹೊಟ್ಟೆಯಲ್ಲಿ ಒಂದು ಸಣ್ಣ ಚುರುಕೂ ಬಂತು.

“ಅಲ್ಲ, ಹೊಲ ನಂದು, ಬೀಳು ಬಿಟ್ಟಾಕಿ ನಾನು, ಸುಳ್ಳು ಹೇಳಿ ಸಿಕ್ಕಿಬಿದ್ದಾಕಿ ನಾನು. ಮೊದಲನೇ ಸಹಿ ಇಕೀದಾ?”

ಪಂಚಾಯ್ತಿ ಕಟ್ಟೆಯೇ ನಕ್ಕಿತು. ಗಾದೆಮ್ಮ ಎರಡನೇ ಸಾಲಿನಲ್ಲಿ ರೇಣುಕಾಳ ಹೆಸರಿಗಿಂತ ಎರಡು ಪಟ್ಟು ದೊಡ್ಡದಾಗಿ ಸಹಿ ಹಾಕಿದಳು. ತನಗೆ ಮೂರನೇ ನಂಬರು ಬಂತಲ್ಲ ಎಂದು ಶಿವಬಸಮ್ಮ ಮೂಗು ಮುರಿದಳು. ಆಮೇಲೆ ನಾನು ಮುಂದು, ತಾನು ಮುಂದು ಎಂದು ನೂಕಾಡಿ ಊರಿನ ಅರ್ಧ ಮಂದಿ ಸಹಿ ಹಾಕಿದರು. ಮರುದಿನ ಹರಪನಹಳ್ಳಿಗೆ ಹೋಗಿ ಅರ್ಜಿ ಕೊಟ್ಟು, ಅದರ ಪ್ರತಿಗೆ ಮುದ್ರೆ ಒತ್ತಿಸಿಕೊಂಡು ಬಂದರು. ವಿಚಾರಣೆಗೆ ಕರೆದಾಗ ಯಾರ‍್ಯಾರು ಹೋಗಬೇಕು ಎಂದೂ ಮಾತಾಗಿದೆ. ನಕ್ಷೆ ಇನ್ನೂ ಅಖೈರಾಗಿಲ್ಲ. ಗಾದೆಮ್ಮನ ಹೊಲದಲ್ಲಿ ಮಾತ್ರ ಕಡಲೆ ಮೊಳಕೆ ಒಡೆದಿದೆ. ಒಂದು ಸಾಲು ರೇಣುಕಾ ಬಿತ್ತಿದ್ದು, ಆ ಸಾಲೇ ಚೆನ್ನಾಗಿ ಬಂದಿದೆ ಎಂದು ಗಾದೆಮ್ಮನ ತಕರಾರು.

ಕಥೆ ಕೇಳಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈಗ ನಿಮ್ಮ ಸರದಿ. ನಾಳೆ ಪಂಚಾಯ್ತಿ ಕಡೆ ಹೋದಾಗ ಗೋಡೆ ನೋಡಿ. ಪಟ್ಟಣದ ನಕ್ಷೆಯ ನೋಟಿಸು ಇದ್ದರೆ ನಿಮ್ಮ ಹೊಲಕ್ಕೆ ಯಾವ ಬಣ್ಣ ಬಳಿದಿದ್ದಾರೆ ಎಂದು ಕೇಳಿ, ಓದಲು ಬಾರದಿದ್ದರೆ ಓದುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಪ್ಪದಿದ್ದರೆ ತಾರೀಖು ಮುಗಿಯುವ ಮೊದಲು ಬರೆದು ಕೊಡಿ, ಮುದ್ರೆ ಒತ್ತಿದ ಪ್ರತಿ ತಪ್ಪದೆ ಇಸಿದುಕೊಳ್ಳಿ. ಯಾರದೋ ಮಾತು ಕೇಳಿ ಬಿತ್ತುವ ಹೊಲ ಬೀಳು ಬಿಡಬೇಡಿ, ಖಾಲಿ ಜಾಗ ಇರುವ ಕಾಗದಕ್ಕೆ ಸಹಿ ಹಾಕಬೇಡಿ. ಪಕ್ಕದವರು ಒಪ್ಪಿದ್ದಾರೆ ಎಂದು ಯಾರಾದರೂ ಹೇಳಿದರೆ ಅವತ್ತೇ ಪಕ್ಕದವರ ಮನೆಗೆ ಹೋಗಿ ಕೇಳಿ, ಮಾತು ಬಿಟ್ಟಿದ್ದರೂ ಸರಿ.

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ? ನನಗೂ ಇದೆ, ನಿಮಗೂ ಇದೆ. ಪಕ್ಕದವರ ಹೊಲದಲ್ಲಿ ನಿಮ್ಮದಕ್ಕಿಂತ ಒಳ್ಳೆಯ ಬೆಳೆ ಬಂತು ಎಂದು ಧಾರಾಳವಾಗಿ ಕಿಚ್ಚು ಪಡಿ. ಅದಕ್ಕೆ ಮೊದಲು ಅವರಿಗೂ ಹೊಲ ಇರಬೇಕು, ನಿಮಗೂ ಹೊಲ ಇರಬೇಕು.